ಹಲ್ಲುನೋವು: ಯಾವುದಕ್ಕೆ ಕಾಯಬಹುದು, ಯಾವುದಕ್ಕೆ ತಕ್ಷಣ ಹೊರಡಬೇಕು

ಹಲ್ಲುನೋವೆಂದು ಬಂದವರನ್ನು "ಎಷ್ಟು ನೋವು?" ಎಂದು ಕೇಳಿದರೆ ಏನೂ ತಿಳಿಯುವುದಿಲ್ಲ. ಎಲ್ಲರ ಉತ್ತರವೂ "ತುಂಬಾ" ಎಂದೇ. ನಾನು ಕೇಳುವುದು ಬೇರೆ: ತಣ್ಣೀರು ತಾಗಿದರೆ ಹೇಗಿರುತ್ತದೆ, ಬಿಸಿ ಕಾಫಿಗೆ ಹೇಗೆ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದೆಯೇ, ಕಚ್ಚಿದರೆ ನೋಯುತ್ತದೆಯೇ? ಬಾಯಿ ತೆರೆಸುವ ಮೊದಲೇ ಅರ್ಧ ವಿಷಯ ಇದರಲ್ಲೇ ಸಿಗುತ್ತದೆ. ಮನೆಯಲ್ಲಿ ನಿಮ್ಮನ್ನು ನೀವೇ ಕೇಳಿಕೊಳ್ಳಬಹುದು. ಕೊಡಗಿನಲ್ಲಂತೂ ಕೇಳಿಕೊಳ್ಳಲೇಬೇಕು. ಜುಲೈ ಮಳೆಯಲ್ಲಿ ಭಾಗಮಂಡಲದ ಕಡೆಯಿಂದ ಮಡಿಕೇರಿಗೆ ಬರಲು ಹೊರಟವರಿಗೆ ದಾರಿಯಲ್ಲಿ ಮರ ಬಿದ್ದರೆ, ಬರೆ ಜರಿದರೆ ಆ ದಿನವೇ ಹೋಯಿತು.

ತಣ್ಣೀರೋ ಕಿತ್ತಳೆಯೋ ಕಾಚಂಪುಳಿ ಹಾಕಿದ ಸಾರೋ ತಾಗಿದಾಗ ಜುಮ್ಮೆಂದು, ಕೆಲವೇ ಸೆಕೆಂಡಿನಲ್ಲಿ ಅಡಗಿದರೆ ಹಲ್ಲಿನೊಳಗಿನ ನರ ಇನ್ನೂ ಚೆನ್ನಾಗಿದೆ. ಒಸಡು ಜಾರಿ ಬೇರು ಕಾಣುತ್ತಿರಬಹುದು, ಇಲ್ಲವೇ ಹುಳುಕು ಆಳಕ್ಕೆ ಇಳಿಯುತ್ತಿರಬಹುದು. ಒಂದೆರಡು ವಾರದೊಳಗೆ ತೋರಿಸಿದರೆ ಬರೀ ಫಿಲ್ಲಿಂಗ್‌ನಲ್ಲಿ ಮುಗಿಯುವ ಸಾಧ್ಯತೆ ಹೆಚ್ಚು. ತಣ್ಣನೆಯದು ಹೋದ ಮೇಲೂ ನೋವು ಅರ್ಧ ನಿಮಿಷಕ್ಕಿಂತ ಹೆಚ್ಚು ಉಳಿಯುವುದು, ಬಿಸಿಗೆ ಮಿಡಿಯುವುದು, ಏನೂ ತಾಗದೆಯೇ ಶುರುವಾಗುವುದು ಕಂಡರೆ ನರ ಚೇತರಿಸಿಕೊಳ್ಳುವ ಹಂತ ದಾಟಿದೆ. ರಾತ್ರಿ ಇದು ಹೆಚ್ಚಾಗಲು ಕಾರಣವಿದೆ: ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಏರುತ್ತದೆ, ಗಟ್ಟಿ ಗೋಡೆಯ ಹಲ್ಲಿನೊಳಗೆ ಊದಿಕೊಂಡ ನರಕ್ಕೆ ಹಿಗ್ಗಲು ಜಾಗವಿಲ್ಲ. ತಲೆದಿಂಬು ಎರಡು ಇಟ್ಟು ಮಲಗಿದರೆ ಸ್ವಲ್ಪ ತಗ್ಗುತ್ತದೆ. ಆದರೂ ಒಂದೆರಡು ದಿನದೊಳಗೆ ಬರಬೇಕಾದ ನೋವು ಇದು.

ಜನ ಮೋಸಹೋಗುವುದು ಇದರ ಮುಂದಿನ ಹಂತದಲ್ಲಿ. ನಾಲ್ಕು ದಿನ ಕಾಡಿದ ನೋವು ಒಂದು ಬೆಳಗ್ಗೆ ತಾನಾಗಿ ನಿಲ್ಲುತ್ತದೆ. ಹಲ್ಲು ವಾಸಿಯಾಗಿಲ್ಲ, ಒಳಗಿನ ನರ ಸತ್ತಿದೆ. ಸೋಂಕು ಬೇರಿನ ತುದಿಯಿಂದ ಮೂಳೆಗೆ ಇಳಿಯುತ್ತದೆ. ಕೆಲವು ವಾರವೋ ತಿಂಗಳೋ ಕಳೆದು ಆ ಹಲ್ಲು ಉದ್ದವಾದಂತೆ, ಉಳಿದವಕ್ಕಿಂತ ಮೊದಲು ತಾಗುವಂತೆ ಅನ್ನಿಸುತ್ತದೆ, ಬೆರಳಿನಿಂದ ತಟ್ಟಿದರೂ ನೋವು. ಒಸಡಿನ ಮೇಲೆ ಸಣ್ಣ ಗುಳ್ಳೆ ಎದ್ದು ಒಡೆದು ಮತ್ತೆ ಏಳುತ್ತಿದ್ದರೆ ಕೀವಿಗೆ ಹೊರದಾರಿ ಸಿಕ್ಕಿದೆ ಎಂದರ್ಥ. ನೋವಿಲ್ಲದಿರುವುದೂ ಅದರಿಂದಲೇ. ಚಿಕಿತ್ಸೆ ಮಾತ್ರ ಬೇಕೇ ಬೇಕು.

ಮನೆಯಲ್ಲಿ ಮೊದಲ ಕೆಲಸ ಸ್ವಚ್ಛ ಮಾಡುವುದು. ಹಂದಿ ಮಾಂಸದ ಎಳೆ, ಹಲಸಿನ ನಾರು ದವಡೆ ಹಲ್ಲುಗಳ ನಡುವೆ ಸಿಕ್ಕಿಕೊಂಡು ಒಸಡನ್ನು ಒತ್ತಿದರೆ ಹುಳುಕು ಹಲ್ಲಿನಷ್ಟೇ ನೋವು ಬರುತ್ತದೆ. ಡೆಂಟಲ್ ಫ್ಲಾಸ್ ಹಾಕಿ ನಿಧಾನ ಎಳೆಯಿರಿ. ಸೇಫ್ಟಿ ಪಿನ್, ಬೆಂಕಿಕಡ್ಡಿ ಬೇಡ. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಟೀ ಚಮಚ ಉಪ್ಪು ಹಾಕಿ, ದಿನಕ್ಕೆ ಮೂರು ನಾಲ್ಕು ಸಲ ಬಾಯಿ ಮುಕ್ಕಳಿಸಿ. ಲವಂಗದ ಎಣ್ಣೆ ನಿಜಕ್ಕೂ ಕೆಲಸ ಮಾಡುತ್ತದೆ, ಅದರ ಯೂಜೆನಾಲ್ ನರವನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಆದರೆ ಹತ್ತಿಯ ಸಣ್ಣ ಉಂಡೆಗೆ ಒಂದೇ ಹನಿ ಹಾಕಿ ಕುಳಿಯೊಳಗೆ ಇಡಬೇಕು. ಒಸಡಿಗೆ ಸವರಿದರೆ ಚರ್ಮ ಸುಟ್ಟು ಬಿಳಿಚುತ್ತದೆ. ಹೊಗೆಸೊಪ್ಪು, ಸೀಮೆಎಣ್ಣೆ, ಒಸಡಿನ ಸಂದಿಗೆ ಇಟ್ಟ ಆಸ್ಪಿರಿನ್ ಮಾಡುವುದೂ ಇಂಥದ್ದೇ ಗಾಯ, ನೋವು ಒಂದಿದ್ದದ್ದು ಎರಡಾಗುತ್ತದೆ. ಕೆನ್ನೆ ಊದಿದ್ದರೆ ಬಿಸಿ ಶಾಖ ಕೊಡಬೇಡಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಹೊರಗಿನಿಂದ ಹಿಡಿಯಿರಿ.

ಮಾತ್ರೆಯ ವಿಷಯ. ಬೇರೆ ಕಾಯಿಲೆ ಇಲ್ಲದ ವಯಸ್ಕರಿಗೆ ಊಟವಾದ ಮೇಲೆ ಐಬುಪ್ರೊಫೆನ್ 400 ಮಿ.ಗ್ರಾಂ., ಜೊತೆಗೆ ಪ್ಯಾರಾಸಿಟಮಾಲ್ 500 ಮಿ.ಗ್ರಾಂ., ಎಂಟು ಗಂಟೆಗೊಮ್ಮೆ. ಇವು ಒಂಟಿಯಾಗಿ ಮಾಡುವುದಕ್ಕಿಂತ ಜೊತೆಯಾಗಿ ಚೆನ್ನಾಗಿ ಕೆಲಸ ಮಾಡುತ್ತವೆ. ಕಾಂಬಿಫ್ಲಾಮ್‌ನಲ್ಲಿ ಎರಡೂ ಇವೆ. ಅದರ ಮೇಲೆ ಮೆಡಿಕಲ್ ಶಾಪಿನವರು ಕೊಟ್ಟ ಡೈಕ್ಲೊಫೆನಾಕನ್ನೋ ಕೆಟೊರೊಲಾಕನ್ನೋ ಸೇರಿಸಿದರೆ ಹೊಟ್ಟೆಗೂ ಕಿಡ್ನಿಗೂ ಪೆಟ್ಟು. ಹೊಟ್ಟೆ ಹುಣ್ಣು, ಕಿಡ್ನಿ ತೊಂದರೆ ಇರುವವರು, ನೋವಿನ ಮಾತ್ರೆಗೆ ಉಬ್ಬಸ ಬರುವವರು, ರಕ್ತ ತೆಳುವಾಗುವ ಮಾತ್ರೆ ತಿನ್ನುವವರು, ಗರ್ಭಿಣಿಯರು ಐಬುಪ್ರೊಫೆನ್ ಮುಟ್ಟಬಾರದು, ಅವರಿಗೆ ಪ್ಯಾರಾಸಿಟಮಾಲ್ ಒಂದೇ. ಮಳೆಗಾಲದಲ್ಲಿ ಹಲ್ಲುನೋವಿನ ಜೊತೆ ಮೈಕೈ ನೋವು, ಜ್ವರವೂ ಇದ್ದರೆ ಡೆಂಗ್ಯೂ ಅಲ್ಲವೆಂದು ಖಚಿತವಾಗುವ ತನಕವೂ ಅಷ್ಟೇ, ಏಕೆಂದರೆ ಐಬುಪ್ರೊಫೆನ್, ಆಸ್ಪಿರಿನ್ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮಕ್ಕಳಿಗೆ ತೂಕ ನೋಡಿ ಪ್ಯಾರಾಸಿಟಮಾಲ್ ಸಿರಪ್, ಆಸ್ಪಿರಿನ್ ಕೂಡದು.

ಹಳೆಯ ಚೀಟಿ ತೋರಿಸಿ ಅಮಾಕ್ಸಿಸಿಲಿನ್ ತರುವ ಅಭ್ಯಾಸದ ಬಗ್ಗೆ ನನಗೆ ತಕರಾರಿದೆ. ನರ ಊದಿದ ನೋವಿಗೆ ಆಂಟಿಬಯೋಟಿಕ್ ಏನೂ ಮಾಡುವುದಿಲ್ಲ. ಸತ್ತ ನರದೊಳಗೆ ರಕ್ತವೇ ಹರಿಯುವುದಿಲ್ಲ, ಔಷಧ ಅಲ್ಲಿಗೆ ಹೋಗುವುದಾದರೂ ಹೇಗೆ? ಕೀವನ್ನು ಹೊರತೆಗೆಯಬೇಕು, ಇಲ್ಲವೇ ಹಲ್ಲನ್ನು. ಜ್ವರವಿದ್ದು ಊತ ಹರಡುತ್ತಿದ್ದರೆ ಆಂಟಿಬಯೋಟಿಕ್ ಬೇಕಾಗುತ್ತದೆ, ಅದೂ ಈ ಕೆಲಸದ ಜೊತೆಗೆ.

ಹೊತ್ತು ನೋಡದೆ ಹೊರಡಬೇಕಾದ ಲಕ್ಷಣಗಳಿವೆ. ದವಡೆಯ ಕೆಳಗೆ, ಕುತ್ತಿಗೆಯ ಕಡೆಗೆ ಇಳಿಯುವ ಊತ. ನಾಲಗೆಯ ಅಡಿ ಗಟ್ಟಿಯಾಗಿ ನಾಲಗೆ ಮೇಲೇಳುವುದು. ಉಗುಳು ನುಂಗಲಾಗದೆ ಸುರಿಯುವುದು, ದನಿ ಬದಲಾಗುವುದು, ಉಸಿರಿಗೆ ತ್ರಾಸ. ಬಾಯಿ ಎರಡು ಬೆರಳಿನಷ್ಟೂ ತೆರೆಯದಿರುವುದು, ಊತ ಕಣ್ಣು ಮುಚ್ಚಿಸುವುದು, 101 ಡಿಗ್ರಿ ದಾಟಿದ ಜ್ವರ. ಇವಕ್ಕೆ ದಂತ ಕ್ಲಿನಿಕ್ ಸಾಲದು. 108ಕ್ಕೆ ಕರೆ ಮಾಡಿ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೋಗಬೇಕು. ದಾರಿಯಲ್ಲಿ ಮಲಗಿಸಬೇಡಿ, ಕೂರಿಸಿಕೊಂಡೇ ಕರೆದೊಯ್ಯಿರಿ, ಮಲಗಿದರೆ ಊತ ಉಸಿರಿನ ದಾರಿಯನ್ನು ಒತ್ತುತ್ತದೆ. ಏರು ಹತ್ತುವಾಗ, ಮೂಟೆ ಹೊರುವಾಗ ಕೆಳದವಡೆಯಲ್ಲಿ ನೋವು ಬಂದು ಕುಳಿತರೆ ಕಡಿಮೆಯಾಗುವುದಾದರೆ ಹಲ್ಲನ್ನು ಬಿಟ್ಟು ಹೃದಯ ತೋರಿಸಿ.

ಎಲೆ ಅಡಿಕೆ ಹಾಕುವವರಿಗೆ ಬೇರೆ ಮಾತು. ಖಾರ ತಿಂದರೆ ಬಾಯಿಯೆಲ್ಲ ಉರಿ, ಬಾಯಿ ವರ್ಷ ವರ್ಷಕ್ಕೆ ಕಿರಿದಾಗುವುದು, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ನೋವು ಇರಲಿ ಬಿಡಲಿ, ತೋರಿಸಬೇಕು. ಅಡಿಕೆ ಜಗಿದು ಹಲ್ಲು ಬಿರುಕು ಬಿಡುವುದೂ ಉಂಟು. ಕಚ್ಚಿದಾಗಲ್ಲ, ಕಚ್ಚು ಬಿಟ್ಟಾಗ ಚುಳ್ಳೆಂದರೆ ಬಿರುಕನ್ನು ಅನುಮಾನಿಸುತ್ತೇವೆ.

ಬರುವಾಗ ಬೆಳಗ್ಗೆಯೇ ಬನ್ನಿ. ಮಧ್ಯಾಹ್ನದ ಮೇಲೆ ಬಂದರೆ ಎಕ್ಸ್‌ರೇ, ಚಿಕಿತ್ಸೆ ಮುಗಿಯುವಷ್ಟರಲ್ಲಿ ಕೊನೆಯ ಬಸ್ಸು ತಪ್ಪುತ್ತದೆ. ದಕ್ಷಿಣ ಕೊಡಗಿನವರಿಗೆ ವಿರಾಜಪೇಟೆ ಹತ್ತಿರದ ಮಗ್ಗುಲ ಗ್ರಾಮದಲ್ಲಿ 1999ರಲ್ಲಿ ಶುರುವಾದ ದಂತ ವೈದ್ಯಕೀಯ ಕಾಲೇಜಿದೆ. ಬೇರೆ ಬೇರೆ ವಿಭಾಗದ ತಜ್ಞರು ಒಂದೇ ಕಡೆ ಸಿಗುತ್ತಾರೆ, ಸಮಯ ಮಾತ್ರ ಕೈಯಲ್ಲಿರಲಿ. ತಿನ್ನುವ ಮಾತ್ರೆಗಳ ಪಟ್ಟಿಯನ್ನಲ್ಲ, ಮಾತ್ರೆಯ ಹಾಳೆಗಳನ್ನೇ ತನ್ನಿ. ಸಕ್ಕರೆ ಕಾಯಿಲೆಯವರು ತಿಂಡಿ ತಿಂದು, ಮಾತ್ರೆ ತೆಗೆದುಕೊಂಡೇ ಬರಬೇಕು. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ.

"ಊತ ಇಳಿದ ಮೇಲೆ ಬರುತ್ತೇನೆ" ಎನ್ನುವವರು ಬಹಳ. ಸೋಂಕಿರುವ ಜಾಗದಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಸರಿಯಾಗಿ ಹಿಡಿಯುವುದಿಲ್ಲ ಎಂಬುದು ನಿಜ. ಆದರೂ ಕೀವನ್ನು ಆ ದಿನವೇ ಹೊರಬಿಡಬಹುದು. ರೂಟ್ ಕೆನಾಲ್‌ನ ಮೊದಲ ಸಲಕ್ಕೇ ನೋವು ಹೋಗುವುದರಿಂದ ಕಾಫಿ ಕೊಯ್ಲಿನ ಹೊತ್ತಿನಲ್ಲಿ ಅರ್ಧಕ್ಕೆ ಬಿಡುವವರೂ ಇದ್ದಾರೆ. ಒಳಗೆ ತುಂಬಿದ ತಾತ್ಕಾಲಿಕ ಸಿಮೆಂಟು ಬಾಳುವುದು ಕೆಲವೇ ವಾರ, ಆಮೇಲೆ ಉಗುಳು ಒಳಗಿಳಿದು ಸೋಂಕು ಮರಳುತ್ತದೆ. ಕೆಲಸ ಪೂರ್ತಿಯಾದ ಮೇಲೂ ದವಡೆ ಹಲ್ಲಿಗೆ ಕ್ಯಾಪ್ ಹಾಕಿಸದಿದ್ದರೆ ಅದು ಸೀಳುವ ಸಾಧ್ಯತೆ ಹೆಚ್ಚು. ಬೇರಿನವರೆಗೆ ಸೀಳಿದ ಹಲ್ಲನ್ನು ಕೀಳುವುದೊಂದೇ ದಾರಿ.