ನೋವು ಬರುವವರೆಗೆ ಕಾಯಬೇಡಿ: ರಕ್ತನಾಳ ಗಟ್ಟಿಯಾಗುವುದನ್ನು ತಡೆಯುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೋರ್‌ವೆಲ್ ನೀರಿಗೆ ಡ್ರಿಪ್ ಹಾಕಿದವರಿಗೆ ಗೊತ್ತಿರುತ್ತದೆ, ಗಡಸು ನೀರು ಹರಿದೂ ಹರಿದೂ ಪೈಪಿನೊಳಗೆ ಬಿಳಿ ಪೊರೆ ಕಟ್ಟುತ್ತದೆ. ಆಸಿಡ್ ಬಿಟ್ಟು ತೊಳೆದರೆ ಮತ್ತೆ ನೀರು ಸರಾಗ. ಹೃದಯದ ರಕ್ತನಾಳವೂ ಹಾಗೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಕೊಬ್ಬು ಸೇರುವುದು ರಕ್ತ ಹರಿಯುವ ದಾರಿಯಲ್ಲಲ್ಲ, ನಾಳದ ಗೋಡೆಯೊಳಗೆ. ಅದನ್ನು ಯಾವ ಕಷಾಯವೂ ತೊಳೆಯಲಾರದು. ಬೆಳ್ಳುಳ್ಳಿ, ಶುಂಠಿ, ನಿಂಬೆರಸ, ವಿನೆಗರ್, ಜೇನುತುಪ್ಪ ಸೇರಿಸಿ ಕುಡಿದರೆ ಬ್ಲಾಕ್ ಕರಗುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಲ್ವಾ, ಅದನ್ನು ನಂಬಿ ಡಾಕ್ಟರು ಕೊಟ್ಟ ಮಾತ್ರೆ ಬಿಡಬೇಡಿ.

ಮೊದಲು, ಒಳಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ. ಬಿಪಿ, ಶುಗರ್, ಬೀಡಿ-ಸಿಗರೇಟಿನ ಹೊಗೆ ಸೇರಿ ನಾಳದ ಒಳಪದರವನ್ನು ಹಾಳು ಮಾಡುತ್ತವೆ. ಅಲ್ಲಿಂದ ಎಲ್‌ಡಿಎಲ್ ಎನ್ನುವ ಕೆಟ್ಟ ಕೊಲೆಸ್ಟ್ರಾಲ್ ಗೋಡೆಯೊಳಗೆ ನುಗ್ಗುತ್ತದೆ, ವರ್ಷಗಟ್ಟಲೆ ಸೇರುತ್ತಾ ಹೋಗುತ್ತದೆ, ಆಮೇಲೆ ಕ್ಯಾಲ್ಸಿಯಂ ಕೂತು ಗಟ್ಟಿಯಾಗುತ್ತದೆ. ಇದು ಬರೀ ವಯಸ್ಸಾದವರ ಕಾಯಿಲೆ ಅಲ್ಲ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿ 1953ರಲ್ಲಿ ವರದಿ ಮಾಡಿದರು. ಅವರ ಸರಾಸರಿ ವಯಸ್ಸು 22. ನೂರರಲ್ಲಿ 77 ಮಂದಿಯ ನಾಳಗಳಲ್ಲಿ ಆಗಲೇ ಈ ಕಾಯಿಲೆಯ ಗುರುತಿತ್ತು. ಸುಮಾರು ಶೇ 70ರಷ್ಟು ದಾರಿ ಮುಚ್ಚುವವರೆಗೆ ಹೆಚ್ಚಿನವರಿಗೆ ಏನೂ ಗೊತ್ತಾಗುವುದಿಲ್ಲ. ಎಷ್ಟೋ ಸಲ ಅಷ್ಟು ಕೂಡ ಮುಚ್ಚಿರುವುದಿಲ್ಲ, ಗೋಡೆಯೊಳಗೆ ಕೊಬ್ಬು ಸೇರಿ ಆದ ಚಿಕ್ಕ ಗಂಟೊಂದು ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನೇರ ಹಾರ್ಟ್ ಅಟ್ಯಾಕ್ ಆಗುತ್ತದೆ. ಮಿದುಳಿನ ನಾಳದಲ್ಲಾದರೆ ಸ್ಟ್ರೋಕ್. ಕಾಲಿನ ನಾಳದಲ್ಲಾದರೆ ನಡೆದಾಗ ಮೀನಖಂಡ ಹಿಡಿದುಕೊಳ್ಳುತ್ತದೆ, ನಿಂತರೆ ಬಿಡುತ್ತದೆ.

ಹಾಗಾಗಿ ಎರಡನೇ ಕೆಲಸ, ನಿಮ್ಮ ಸಂಖ್ಯೆಗಳನ್ನು ತಿಳಿದುಕೊಳ್ಳುವುದು. 30 ದಾಟಿದವರೆಲ್ಲ ಬಿಪಿ, ಶುಗರ್, ಲಿಪಿಡ್ ಪ್ರೊಫೈಲ್ (ರಕ್ತದ ಕೊಲೆಸ್ಟ್ರಾಲ್ ಪರೀಕ್ಷೆ) ನೋಡಿಸಿ. ಬಿಪಿ ಮತ್ತೆ ಮತ್ತೆ 140/90 ದಾಟಿದರೆ, ಖಾಲಿ ಹೊಟ್ಟೆಯ ಶುಗರ್ 126 ಮುಟ್ಟಿದರೆ ಸುಮ್ನೆ ಕೂರಬೇಡಿ. ಎಲ್‌ಡಿಎಲ್ 100ರ ಒಳಗಿದ್ದರೆ ಒಳ್ಳೆಯದು, ಒಮ್ಮೆ ಅಟ್ಯಾಕ್ ಆದವರಿಗೆ 55ಕ್ಕಿಂತ ಕೆಳಗೆ ಬರಬೇಕು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಬಿಪಿ, ಶುಗರ್ ನೋಡಿಸಲು ದುಡ್ಡು ಬೇಕಿಲ್ಲ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ನೋಡುತ್ತಾರೆ. ಇನ್ನೊಂದು ಮಾತು: ಇಸಿಜಿ ನಾರ್ಮಲ್ ಬಂತು, ಏನೂ ಇಲ್ಲ ಅಂತ ನಿರಾಳರಾಗಬೇಡಿ. ಸುಮ್ಮನೆ ಮಲಗಿದ್ದಾಗ ತೆಗೆದ ಇಸಿಜಿಯಲ್ಲಿ ಬ್ಲಾಕ್ ಕಾಣದೇ ಇರಬಹುದು.

ಮಾತ್ರೆಯ ವಿಷಯದಲ್ಲೇ ನಮ್ಮವರು ಜಾಸ್ತಿ ಎಡವುವುದು. ಬಿಪಿ ಸರಿಯಾಯ್ತು, ಮಾತ್ರೆ ನಿಲ್ಲಿಸಿದೆ ಅನ್ನುತ್ತಾರೆ. ಅಯ್ಯೋ, ಅದು ಸರಿಯಾಗಿರುವುದೇ ಮಾತ್ರೆಯಿಂದ! ಅಟೋರ್ವಾಸ್ಟಾಟಿನ್‌ನಂಥ ಸ್ಟಾಟಿನ್ ಮಾತ್ರೆ ಎಲ್‌ಡಿಎಲ್ ಇಳಿಸುತ್ತದೆ, ಜೊತೆಗೆ ಗೋಡೆಯೊಳಗಿನ ಗಂಟು ಒಡೆಯದಂತೆ ಭದ್ರವಾಗಿಡುತ್ತದೆ. ಸ್ಟೆಂಟ್ (ಮುಚ್ಚಿದ ನಾಳ ತೆರೆದಿಡುವ ಸಣ್ಣ ಜಾಲರಿ ಕೊಳವೆ) ಹಾಕಿಸಿಕೊಂಡವರಿಗೂ ಇದು ಬೇಕೇ ಬೇಕು, ಯಾಕೆಂದರೆ ಸ್ಟೆಂಟ್ ಒಂದು ಜಾಗವನ್ನು ತೆರೆಯುತ್ತದೆ ಅಷ್ಟೇ, ಕಾಯಿಲೆ ಬೇರೆ ನಾಳಗಳಲ್ಲೂ ಇರಬಹುದು. ಮೈಕೈ ನೋವು ಬಂದರೆ ಡಾಕ್ಟರಿಗೆ ಹೇಳಿ, ಡೋಸ್ ಕಡಿಮೆ ಮಾಡುತ್ತಾರೆ ಅಥವಾ ಬೇರೆ ಮಾತ್ರೆ ಕೊಡುತ್ತಾರೆ. ದುಬಾರಿ ಅನ್ನಿಸಿದರೆ ಜನೌಷಧಿ ಅಂಗಡಿಯಲ್ಲಿ ಕೇಳಿ. ಆದರೆ ಪಕ್ಕದ ಮನೆಯವರು ತಗೊಳ್ಳುತ್ತಾರೆ ಅಂತ ದಿನಾ ಆಸ್ಪಿರಿನ್ ನುಂಗಬೇಡಿ, ಹೊಟ್ಟೆಯಲ್ಲಿ ರಕ್ತಸ್ರಾವ ಆಗುವ ಅಪಾಯವಿದೆ.

ಊಟಕ್ಕೆ ಬರೋಣ. ಮುದ್ದೆ, ಸೊಪ್ಪಿನ ಸಾರು, ಹುರುಳಿಕಾಳು, ಅವರೆಕಾಳಿನ ಸಾರು ಇವೆಲ್ಲ ಒಳ್ಳೆಯ ಊಟವೇ. ಶುಗರ್ ಇದ್ದವರು ದೊಡ್ಡ ಮುದ್ದೆ ಉಂಡು ಅದರ ಮೇಲೆ ತಟ್ಟೆ ತುಂಬ ಅನ್ನ ಹಾಕಿಕೊಳ್ಳುವುದನ್ನು ಬಿಡಬೇಕು. ಎಣ್ಣೆ ಯಾವುದು ಅನ್ನುವುದರ ಜೊತೆಗೆ ಎಷ್ಟು ಅನ್ನುವುದೂ ಮುಖ್ಯ: ನಾಲ್ಕು ಜನರ ಮನೆಗೆ ತಿಂಗಳಿಗೆ ಎರಡು ಲೀಟರ್ ಸಾಕು. ತಿಪಟೂರಿನವರು ಬೇಜಾರು ಮಾಡಿಕೊಳ್ಳಬಾರದು, ಸಾರಿಗೆ ಕಾಯಿತುರಿ ಇರಲಿ, ಅಡುಗೆಗೆಲ್ಲ ಕೊಬ್ಬರಿ ಎಣ್ಣೆ ಬೇಡ. ಅದರಲ್ಲಿ ಎಲ್‌ಡಿಎಲ್ ಏರಿಸುವ ಕೊಬ್ಬು ಜಾಸ್ತಿ. ಕಡಲೆಕಾಯಿ ಎಣ್ಣೆ ವಾಸಿ. ಉಪ್ಪು ದಿನಕ್ಕೆ 5 ಗ್ರಾಂ, ಅಂದರೆ ಒಂದು ಟೀ ಚಮಚ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಎಲ್ಲ ಸೇರಿ. ಬೇಕರಿ ಪಫ್, ಕಪ್ಪಾದ ಎಣ್ಣೆಯಲ್ಲಿ ಕರಿದ ಬೋಂಡ ದಿನಾ ತಿನ್ನುವ ತಿಂಡಿಯಲ್ಲ.

ಬೀಡಿ, ಸಿಗರೇಟು ಪೂರ್ತಿ ಬಿಡಬೇಕು, ಕಡಿಮೆ ಮಾಡಿದೆ ಅಂದರೆ ಸಾಲದು. ಬಿಟ್ಟು ಒಂದು ವರ್ಷಕ್ಕೆ ಹೃದಯಕ್ಕಿದ್ದ ಹೆಚ್ಚುವರಿ ಅಪಾಯ ಸುಮಾರು ಅರ್ಧ ಇಳಿಯುತ್ತದೆ. ಅಜ್ಜಿಯರು ಎಲೆ-ಅಡಿಕೆ ಜೊತೆ ಹಾಕುವ ಕಡ್ಡಿಪುಡಿ, ಹೊಗೆಸೊಪ್ಪು ಕೂಡ ಬೇಡ. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ತುಮಕೂರಿನ ಅಮಾನಿಕೆರೆಯ ಸುತ್ತಲೋ ಹೊಲದ ಬದುವಿನ ಮೇಲೋ.

ಇನ್ನು, ಅಟ್ಯಾಕ್ ಅನ್ನಿಸಿದರೆ ಏನು ಮಾಡಬೇಕು? ಎದೆ ಹಿಂಡಿದಂತಾಗಿ ನೋವು ತೋಳು, ದವಡೆ, ಬೆನ್ನಿಗೆ ಹರಡುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು ಇವೆಲ್ಲ ಲಕ್ಷಣಗಳು. ಹೆಂಗಸರಲ್ಲಿ, ಶುಗರ್ ಇದ್ದವರಲ್ಲಿ ಕೆಲವೊಮ್ಮೆ ಬರೀ ಸುಸ್ತು, ಏದುಸಿರು ಅಷ್ಟೇ. ಗ್ಯಾಸ್ಟ್ರಿಕ್ ಇರಬೇಕು ಅಂತ ಸೋಡಾ ಕುಡಿದು ಬೆಳಗಿನವರೆಗೆ ಕಾಯಬೇಡಿ, ದಯವಿಟ್ಟು. ಹೃದಯದ ಮಾಂಸಖಂಡ ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. 108ಕ್ಕೆ ಫೋನ್ ಮಾಡಿ. ಪಾವಗಡದಿಂದಲೋ ಬಾಗೇಪಲ್ಲಿಯಿಂದಲೋ ನೇರ ಬೆಂಗಳೂರಿಗೆ ಕಾರು ಓಡಿಸಬೇಡಿ, ಮೊದಲು ತಾಲೂಕು ಆಸ್ಪತ್ರೆ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ ಇರುವ ಸರ್ಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ತಜ್ಞರ ಜೊತೆ ಮಾತಾಡಿ, ಬೇಕಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ. ರೋಗಿಯನ್ನು ನಡೆಸಬೇಡಿ, ಬೈಕಿನಲ್ಲಿ ಕೂರಿಸಬೇಡಿ. ಅವರು ತಗೊಳ್ಳುವ ಮಾತ್ರೆಗಳ ಚೀಟಿ, ಹಳೆಯ ರಿಪೋರ್ಟು ಜೊತೆಯಲ್ಲಿರಲಿ.