ಗ್ರಾಫಿಕ್ಸ್ ಕಾರ್ಡ್ ಕಂಪ್ಯೂಟರಿಗೆ ಕಾಣಿಸದಿದ್ದಾಗ ಹುಡುಕಾಟವನ್ನು ಎಲ್ಲಿಂದ ಆರಂಭಿಸಬೇಕು

ಗ್ರಾಫಿಕ್ಸ್ ಕಾರ್ಡನ್ನು ಕಂಪ್ಯೂಟರ್ ಗುರುತಿಸುತ್ತಿಲ್ಲವೆಂದು ತಿಳಿದ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಹೊಸ ಡ್ರೈವರ್, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶ, ಇಳಿಸಿಕೊಳ್ಳುವುದು. ಆದರೆ ಗುರುತಿಸುವಿಕೆ ಡ್ರೈವರ್‌ನಿಂದ ಶುರುವಾಗುವುದಿಲ್ಲ. ಗುಂಡಿ ಒತ್ತಿದ ಕೆಲವೇ ಕ್ಷಣಗಳಲ್ಲಿ ಮದರ್‌ಬೋರ್ಡಿನ ಫರ್ಮ್‌ವೇರ್, ಅಂದರೆ ನಾವೆಲ್ಲ ಇಂದಿಗೂ ಬಯೋಸ್ ಎಂದೇ ಕರೆಯುವ ಯುಇಎಫ್‌ಐ, ಕಾರ್ಡುಗಳು ಮದರ್‌ಬೋರ್ಡಿಗೆ ಸೇರುವ ಪಿಸಿಐ ಎಕ್ಸ್‌ಪ್ರೆಸ್ ಮಾರ್ಗದಲ್ಲಿರುವ ಪ್ರತಿಯೊಂದು ಸಾಧನವನ್ನೂ ವಿಚಾರಿಸಿ, ಅದರ ತಯಾರಕರ ಸಂಖ್ಯೆ ಮತ್ತು ಸಾಧನದ ಸಂಖ್ಯೆಯನ್ನು ಓದಿಕೊಳ್ಳುತ್ತದೆ. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಆ ಸಂಖ್ಯೆಗಳಿಗೆ ಹೊಂದುವ ಡ್ರೈವರನ್ನು ಹುಡುಕುವುದು ಅನಂತರ. ಈ ಹಾಜರಿಯಲ್ಲಿ ಉತ್ತರಿಸದ ಕಾರ್ಡನ್ನು ಯಾವ ಡ್ರೈವರ್ ಕೂಡ ಎಬ್ಬಿಸಲಾರದು. ಆದ್ದರಿಂದ ಕಾರ್ಡಿಗೆ ವಿದ್ಯುತ್ ತಲುಪುತ್ತಿಲ್ಲವೇ, ಫರ್ಮ್‌ವೇರ್‌ಗೆ ಅದು ಕಾಣುತ್ತಿಲ್ಲವೇ, ಅಥವಾ ಕಂಡರೂ ಡ್ರೈವರ್ ಅದನ್ನು ನಡೆಸಲಾಗುತ್ತಿಲ್ಲವೇ ಎಂಬುದನ್ನು ಮೊದಲು ತೀರ್ಮಾನಿಸಬೇಕು.

ಅದಕ್ಕೂ ಮುಂಚೆ ಮಾನಿಟರ್ ಕೇಬಲ್ ಎಲ್ಲಿಗೆ ಹೋಗಿದೆ ಎಂದು ನೋಡಿ. ಕ್ಯಾಬಿನೆಟ್ಟಿನ ಹಿಂಭಾಗದಲ್ಲಿ ಯುಎಸ್‌ಬಿ ಪೋರ್ಟುಗಳ ಪಕ್ಕದಲ್ಲಿರುವ ಎಚ್‌ಡಿಎಂಐ ಕಿಂಡಿ ಮದರ್‌ಬೋರ್ಡಿನದು. ಅದರ ಕೆಳಗೆ ಅಡ್ಡವಾಗಿ ಕುಳಿತಿರುವ ಕಾರ್ಡಿಗೆ ಅದರದೇ ಕಿಂಡಿಗಳಿರುತ್ತವೆ. ಕೇಬಲ್ ಮದರ್‌ಬೋರ್ಡಿಗೆ ಸೇರಿದ್ದರೆ, ಕಾರ್ಡ್ ಸರಿಯಾಗಿಯೇ ಇದ್ದರೂ ಪರದೆ ಕಪ್ಪಾಗಿರಬಹುದು ಅಥವಾ ಆಟಗಳು ತೆವಳಬಹುದು. ಇಲ್ಲಿ ಪ್ರೊಸೆಸರಿನ ಹೆಸರೂ ಒಂದು ಸುಳಿವು ಕೊಡುತ್ತದೆ. ಇಂಟೆಲ್‌ನ ಐ5-12400ಎಫ್‌ನಂತೆ ಕೊನೆಯಲ್ಲಿ ‘ಎಫ್’ ಇರುವ ಪ್ರೊಸೆಸರುಗಳಲ್ಲೂ, ಎಎಂಡಿಯ ರೈಜೆನ್ 5 5600ರಲ್ಲೂ ಒಳಗಿನ ಗ್ರಾಫಿಕ್ಸ್ ಇಲ್ಲ. ಅಂಥ ಯಂತ್ರದ ಪರದೆಯ ಮೇಲೆ ಏನಾದರೂ ಚಿತ್ರ ಮೂಡಿದ್ದರೆ ಅದು ಕಾರ್ಡಿನ ಮೂಲಕವೇ ಬಂದದ್ದು. ಕಾರ್ಡ್ ಪತ್ತೆಯಾಗಿದೆ, ತೊಡಕು ಡ್ರೈವರಿನಲ್ಲಿದೆ ಎಂದು ಅಲ್ಲಿಯೇ ನಿರ್ಧರಿಸಬಹುದು.

ಪರದೆ ಬರುತ್ತಿದ್ದರೆ ಮುಂದಿನ ಸಾಕ್ಷಿ ಡಿವೈಸ್ ಮ್ಯಾನೇಜರ್, ಅಂದರೆ ವಿಂಡೋಸ್ ಇಟ್ಟುಕೊಂಡಿರುವ ಸಾಧನಗಳ ಪಟ್ಟಿ. ಅದರ ಡಿಸ್‌ಪ್ಲೇ ಅಡಾಪ್ಟರ್ಸ್ ವಿಭಾಗದಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂಬ ಹೆಸರು ಕಂಡರೆ ಗಾಬರಿಯಾಗಬೇಕಿಲ್ಲ, ಯಾವುದೋ ಗ್ರಾಫಿಕ್ಸ್ ಸಾಧನ ಸಿಕ್ಕಿದೆ, ತಕ್ಕ ಡ್ರೈವರ್ ಇಲ್ಲ ಎಂದಷ್ಟೇ ಅದರರ್ಥ. ಆ ಸಾಧನ ಯಾವುದೆಂದು ತಿಳಿಯಲು ಅದರ ಪ್ರಾಪರ್ಟೀಸ್‌ನಲ್ಲಿ ಡೀಟೇಲ್ಸ್ ಪುಟಕ್ಕೆ ಹೋಗಿ ಹಾರ್ಡ್‌ವೇರ್ ಐಡಿಯನ್ನು ಓದಬೇಕು. ತಯಾರಕರ ಸಂಖ್ಯೆ 10ಡಿಇ ಇದ್ದರೆ ಎನ್‌ವಿಡಿಯಾ, 1002 ಇದ್ದರೆ ಎಎಂಡಿ, 8086 ಇದ್ದರೆ ಇಂಟೆಲ್. ಎಎಂಡಿ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಕೂಡ 1002 ಎಂದೇ, ಇಂಟೆಲ್ ಪ್ರೊಸೆಸರಿನೊಳಗಿನದು 8086 ಎಂದೇ ತೋರಿಸುವುದರಿಂದ, ಈ ಎರಡು ಸಂಖ್ಯೆಗಳು ಕಂಡಾಗ ಸಾಧನದ ಸಂಖ್ಯೆಯನ್ನೂ ಹೋಲಿಸಿ ನೋಡಬೇಕಾಗುತ್ತದೆ. ಕಾರ್ಡಿನ ಹೆಸರಿನ ಮೇಲೆ ಹಳದಿ ತ್ರಿಕೋನವೋ ಕೆಳಮುಖ ಬಾಣವೋ ಇದ್ದರೆ ದೋಷಸಂಖ್ಯೆಯನ್ನು ಗುರುತು ಮಾಡಿಕೊಳ್ಳಿ: 22 ಎಂದರೆ ಯಾರೋ ಅದನ್ನು ನಿಷ್ಕ್ರಿಯಗೊಳಿಸಿದ್ದಾರೆ, 12 ಎಂದರೆ ಅದಕ್ಕೆ ಬೇಕಾದ ಸಂಪನ್ಮೂಲ ಸಾಲುತ್ತಿಲ್ಲ, 43 ಎಂದರೆ ಸಾಧನವೇ ತೊಂದರೆ ವರದಿ ಮಾಡಿದ್ದರಿಂದ ವಿಂಡೋಸ್ ಅದನ್ನು ನಿಲ್ಲಿಸಿದೆ. ‘ಶೋ ಹಿಡನ್ ಡಿವೈಸಸ್’ ಒತ್ತಿದಾಗ ಮಾತ್ರ ಮಸುಕಾಗಿ ಕಾಣುವ ಕಾರ್ಡ್, 45 ಎಂಬ ಸಂಖ್ಯೆಯೊಡನೆ, ಹಿಂದೆ ಇತ್ತು, ಈಗಿಲ್ಲ ಎಂದು ಹೇಳುತ್ತದೆ.

ಪಟ್ಟಿಯಲ್ಲಿ ಕಾರ್ಡಿನ ಸುಳಿವೇ ಇಲ್ಲದಿದ್ದರೆ

ಇಂಥ ಸಂದರ್ಭದಲ್ಲಿ ಡ್ರೈವರನ್ನು ಮರೆತು ಕ್ಯಾಬಿನೆಟ್ ತೆರೆಯುವುದೇ ಸರಿ. ವಿದ್ಯುತ್ ಸಂಪರ್ಕ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಯಗೊಟ್ಟು, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿ ಮೈಯ ಸ್ಥಿರ ವಿದ್ಯುತ್ತನ್ನು ಇಳಿಸಿಕೊಂಡ ನಂತರವೇ ಒಳಗೆ ಕೈ ಹಾಕಬೇಕು.

ಕಾರ್ಡ್ ಕೂರುವ ಮದರ್‌ಬೋರ್ಡಿನ ಸ್ಲಾಟ್ ತಾನಾಗಿ ಕೊಡಬಲ್ಲದ್ದು 75 ವ್ಯಾಟ್. ಆರು ಪಿನ್ನಿನ ಕನೆಕ್ಟರ್ ಇನ್ನೂ 75, ಎಂಟು ಪಿನ್ನಿನದು 150 ವ್ಯಾಟ್ ತರುತ್ತದೆ. ಕಾರ್ಡಿನ ಮೇಲೆ ಎಷ್ಟು ಕಿಂಡಿಗಳಿವೆಯೋ ಅಷ್ಟೂ ತುಂಬಿರಬೇಕು. ಒಂದು ಖಾಲಿಯಿದ್ದರೂ ಅನೇಕ ಕಾರ್ಡುಗಳು ಏಳಲು ನಿರಾಕರಿಸುತ್ತವೆ. ಪ್ರೊಸೆಸರಿಗೆಂದು ಕೊಟ್ಟಿರುವ ಎಂಟು ಪಿನ್ನಿನ ಕೇಬಲ್ ನೋಟಕ್ಕೆ ಇದರಂತೆಯೇ ಇದ್ದರೂ ಅದರ ತಂತಿಗಳ ಜೋಡಣೆ ಬೇರೆ: ಅದು ಸಾಮಾನ್ಯವಾಗಿ ನಾಲ್ಕು ಮತ್ತು ನಾಲ್ಕಾಗಿ ಬಿಡಿಸಿಕೊಳ್ಳುತ್ತದೆ, ಕಾರ್ಡಿನದು ಆರು ಮತ್ತು ಎರಡಾಗಿ. ಬಲವಂತವಾಗಿ ಅದನ್ನು ಇಲ್ಲಿ ತುರುಕಿದರೆ ಶಾರ್ಟ್ ಆಗುವ ಅಪಾಯವಿದೆ. ಅದೇ ರೀತಿ ಒಂದು ಪವರ್ ಸಪ್ಲೈನ ಬಿಡಿ ಕೇಬಲನ್ನು ಇನ್ನೊಂದು ಮಾದರಿಯ ಸಪ್ಲೈಗೆ ಎಂದೂ ಹಾಕಬಾರದು, ಏಕೆಂದರೆ ಸಪ್ಲೈ ಬದಿಯ ಪಿನ್ನುಗಳ ಕ್ರಮಕ್ಕೆ ಸರ್ವಸಮ್ಮತ ನಿಯಮವಿಲ್ಲ. ಹಾರ್ಡ್‌ಡಿಸ್ಕಿನ ಸಾಟಾ ಪವರ್ ತುದಿಯನ್ನು ಕಾರ್ಡಿನ ಕನೆಕ್ಟರಾಗಿ ಬದಲಿಸುವ ಅಗ್ಗದ ಅಡಾಪ್ಟರುಗಳನ್ನು ನಾನಂತೂ ಯಾರಿಗೂ ಸೂಚಿಸುವುದಿಲ್ಲ. ಆ ತುದಿ 12 ವೋಲ್ಟಿನಲ್ಲಿ ಹೊರಬಲ್ಲದ್ದು ಸುಮಾರು 54 ವ್ಯಾಟ್ ಮಾತ್ರ. 2022ರ ನಂತರದ ಹಲವು ದೊಡ್ಡ ಕಾರ್ಡುಗಳಲ್ಲಿರುವ ಹದಿನಾರು ಪಿನ್ನಿನ ಪುಟ್ಟ ಕನೆಕ್ಟರ್ ಅರ್ಧ ಕುಳಿತರೆ ಕಾರ್ಡ್ ಕಾಣದೆ ಹೋಗುವುದಷ್ಟೇ ಅಲ್ಲ, ಕನೆಕ್ಟರ್ ಕರಗಲೂಬಹುದು. ಫ್ಯಾನ್ ತಿರುಗುತ್ತಿಲ್ಲವೆಂಬುದನ್ನು ಮಾತ್ರ ಸಾಕ್ಷಿಯಾಗಿ ಹಿಡಿಯಬೇಡಿ: ಇಂದಿನ ಬಹಳಷ್ಟು ಕಾರ್ಡುಗಳು ಬಿಸಿಯಾಗುವವರೆಗೆ ಫ್ಯಾನನ್ನು ನಿಲ್ಲಿಸಿಯೇ ಇಟ್ಟಿರುತ್ತವೆ.

ಕೇಬಲ್‌ಗಳು ಸರಿಯಿದ್ದರೆ ಕಾರ್ಡನ್ನೇ ಹೊರತೆಗೆದು ಮತ್ತೆ ಕೂರಿಸಿ. ಸ್ಲಾಟಿನ ತುದಿಯ ಚಿಲಕವನ್ನು ಒತ್ತದೆ ಕಾರ್ಡನ್ನು ಎಳೆಯಬಾರದು. ಮರಳಿ ಹಾಕುವಾಗ ಆ ಚಿಲಕ ‘ಟಕ್’ ಎಂದು ಬೀಳಬೇಕು. ಭಾರದ ಕಾರ್ಡುಗಳು ಒಂದು ತುದಿಯಲ್ಲಿ ಜೋತುಬಿದ್ದು ಸಂಪರ್ಕ ತಪ್ಪುವುದುಂಟು, ಕಂಪ್ಯೂಟರನ್ನು ಮಲಗಿಸಿ ಚಾಲೂ ಮಾಡಿದಾಗ ಕಾರ್ಡ್ ಕಂಡರೆ ಅದೇ ಕಾರಣವೆನ್ನಬಹುದು. ಮಂಗಳೂರು, ಉಡುಪಿ, ಕಾರವಾರಗಳಂಥ ಕರಾವಳಿ ಊರುಗಳ ಉಪ್ಪು ಬೆರೆತ ತೇವದಲ್ಲಿ ಬಹುಕಾಲ ಬಳಸದೆ ಇಟ್ಟ ಕಾರ್ಡಿನ ಅಂಚಿನ ಚಿನ್ನದ ಪಟ್ಟಿಗಳು ಮಂಕಾಗಿದ್ದರೆ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ನಾರು ಬಿಡದ ಬಟ್ಟೆಯಿಂದ ಒರೆಸಿ ಪೂರ್ಣ ಒಣಗಲು ಬಿಡಿ. ಪೆನ್ಸಿಲ್ ರಬ್ಬರಿನಿಂದ ಉಜ್ಜುವ ಪದ್ಧತಿ ನಮ್ಮ ರಿಪೇರಿ ಅಂಗಡಿಗಳಲ್ಲಿ ಹಳೆಯದು. ಅದು ಕೆಲಸ ಮಾಡುತ್ತದೆ, ಆದರೆ ತೆಳುವಾದ ಲೇಪವನ್ನೂ ಸವೆಸುತ್ತದೆ.

ಎರಡನೆಯ ಉದ್ದ ಸ್ಲಾಟಿನಲ್ಲಿ ಕಾರ್ಡ್ ಕಂಡು ಮೊದಲನೆಯದರಲ್ಲಿ ಕಾಣದಿದ್ದರೆ, ಸಂಶಯ ಕಾರ್ಡಿನಿಂದ ಮದರ್‌ಬೋರ್ಡಿನ ಕಡೆಗೆ ತಿರುಗಬೇಕು. ಮೊದಲ ಸ್ಲಾಟಿನ ತಂತುಗಳು ನೇರವಾಗಿ ಪ್ರೊಸೆಸರಿಗೆ ಹೋಗುತ್ತವೆಯಾದ್ದರಿಂದ ಪ್ರೊಸೆಸರ್ ಸಾಕೆಟ್ಟಿನ ಒಂದು ಬಾಗಿದ ಪಿನ್ ಸಾಕು ಆ ಸ್ಲಾಟ್ ಸತ್ತಂತಾಗಲು. ಕೂಲರ್ ಬದಲಿಸಿದ ಮರುದಿನ ಕಾರ್ಡ್ ಕಾಣೆಯಾದರೆ ನೋಡಬೇಕಾದದ್ದು ಅಲ್ಲಿಯೇ. ಇದಕ್ಕೆ ವಿರುದ್ಧವಾಗಿ, ಕೆಳಗಿನ ಸ್ಲಾಟಿನಲ್ಲಿ ಮಾತ್ರ ಕಾಣದಿದ್ದರೆ ಮದರ್‌ಬೋರ್ಡಿನ ಕೈಪಿಡಿ ಓದಿ, ಎಂ.2 ಎಸ್‌ಎಸ್‌ಡಿ ಹಾಕಿದಾಗ ಆ ಸ್ಲಾಟನ್ನು ಮುಚ್ಚಿಬಿಡುವ ಬೋರ್ಡುಗಳಿವೆ.

ಬಯೋಸ್ ಒಳಗೆ

ಇಲ್ಲಿ ಮುಟ್ಟುವ ಮೊದಲು ವಿಂಡೋಸ್‌ನಲ್ಲಿ ಡಿಸ್ಕನ್ನು ಗೂಢಲಿಪಿಯಲ್ಲಿಡುವ ಬಿಟ್‌ಲಾಕರ್ ಚಾಲೂ ಇದ್ದರೆ ಅದನ್ನು ತಾತ್ಕಾಲಿಕವಾಗಿ ತಡೆಹಿಡಿದು ರಿಕವರಿ ಕೀಯನ್ನು ಬರೆದಿಟ್ಟುಕೊಳ್ಳಿ. ಇಲ್ಲವಾದರೆ ಮುಂದಿನ ಬೂಟಿನಲ್ಲಿ ಅದನ್ನೇ ಕೇಳಿ ನಿಂತುಬಿಡಬಹುದು. ಪ್ರೈಮರಿ ಡಿಸ್‌ಪ್ಲೇ ಎಂಬಲ್ಲಿ ಪಿಇಜಿ ಅಥವಾ ಪಿಸಿಐಇ ಆರಿಸಿ, ಎರಡೂ ಸ್ಲಾಟಿನ ಕಾರ್ಡನ್ನೇ ಸೂಚಿಸುತ್ತವೆ. ಹಳೆಯ ಕಾರ್ಡನ್ನು ಹೊಸ ಬೋರ್ಡಿಗೆ ಹಾಕಿದ್ದರೆ ಹಳೆಯ ಬಯೋಸ್ ರೀತಿಯಲ್ಲಿ ಬೂಟ್ ಆಗಲು ಬಿಡುವ ಸಿಎಸ್‌ಎಂ ಆಯ್ಕೆಯನ್ನು ಗಮನಿಸಬೇಕು: ಸುಮಾರು 2012ಕ್ಕಿಂತ ಹಿಂದಿನ ಕಾರ್ಡುಗಳ ವಿಬಯೋಸ್‌ನಲ್ಲಿ, ಅಂದರೆ ಕಾರ್ಡಿನದೇ ಫರ್ಮ್‌ವೇರ್‌ನಲ್ಲಿ, ಯುಇಎಫ್‌ಐಗೆ ಬೇಕಾದ ಜಿಒಪಿ ಭಾಗ ಸಾಮಾನ್ಯವಾಗಿ ಇಲ್ಲದಿರುವುದರಿಂದ, ಸಿಎಸ್‌ಎಂ ಮುಚ್ಚಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಕಾರ್ಡನ್ನು ಸ್ಲಾಟಿನಿಂದ ಎಳೆದ ರೈಸರ್ ಕೇಬಲ್ ಮೂಲಕ ನಿಲ್ಲಿಸಿದ್ದರೆ ಸ್ಲಾಟಿನ ವೇಗವನ್ನು ‘ಆಟೋ’ದಿಂದ ಜೆನ್ 3ಕ್ಕೆ, ಅಂದರೆ ಪಿಸಿಐ ಎಕ್ಸ್‌ಪ್ರೆಸ್‌ನ ಮೂರನೆಯ ತಲೆಮಾರಿನ ವೇಗಕ್ಕೆ, ಇಳಿಸಿ ನೋಡಿ, ಮೂರನೆಯ ತಲೆಮಾರಿನ ಕೇಬಲ್ಲಿನಲ್ಲಿ ನಾಲ್ಕನೆಯದರ ಸಂಕೇತ ಉಳಿಯದೆ ಕಾರ್ಡ್ ಮಾಯವಾಗುವುದು ತೀರಾ ಸಾಮಾನ್ಯ. ದೋಷಸಂಖ್ಯೆ 12 ಬಂದವರು ‘ಅಬೋವ್ 4ಜಿ ಡಿಕೋಡಿಂಗ್’ ಅನ್ನು ಚಾಲೂ ಮಾಡಬೇಕು.

ಡ್ರೈವರಿನ ಸರದಿ

ಕಾರ್ಡ್ ಕಂಡರೂ ನಡೆಯದಿದ್ದಾಗ, ಅಂತರ್ಜಾಲ ಕಡಿದು, ಸೇಫ್ ಮೋಡ್‌ನಲ್ಲಿ ಡಿಡಿಯು ಎಂದು ಹೆಸರಾದ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಬಳಸಿ ಹಳೆಯದನ್ನು ಪೂರ್ತಿ ತೆಗೆದು, ತಯಾರಕರ ತಾಣದಿಂದ ಮೊದಲೇ ಇಳಿಸಿಟ್ಟ ಡ್ರೈವರ್ ಹಾಕಬೇಕು. ಹೊಂದುವ ಯಂತ್ರಾಂಶ ಸಿಗಲಿಲ್ಲವೆಂದು ಎನ್‌ವಿಡಿಯಾದ ಇನ್‌ಸ್ಟಾಲರ್ ಹೇಳಿದರೆ ಕಾರ್ಡ್ ಕೆಟ್ಟಿದೆ ಎಂದು ಭಾವಿಸುವ ಮುನ್ನ ಅದರ ವಯಸ್ಸನ್ನು ನೋಡಿ. ಈಗಲೂ ಅಂಗಡಿಗಳಲ್ಲಿ ಸಿಗುವ ಜಿಟಿ 710 ಎನ್‌ವಿಡಿಯಾದ ಹಳೆಯ ಕೆಪ್ಲರ್ ತಲೆಮಾರಿನದು. ಅದಕ್ಕೆ 470 ಸರಣಿಯ ಡ್ರೈವರೇ ಬೇಕು, ನಂತರದ ಯಾವುದೂ ಅದನ್ನು ಗುರುತಿಸದು. ಲಿನಕ್ಸ್‌ನಲ್ಲಿ ಪಿಸಿಐ ಸಾಧನಗಳನ್ನು ತೋರಿಸುವ ಎಲ್‌ಎಸ್‌ಪಿಸಿಐ ಆದೇಶದ ಪಟ್ಟಿಯಲ್ಲಿ ಕಾರ್ಡಿದ್ದೂ ಎನ್‌ವಿಡಿಯಾದ ಡ್ರೈವರ್ ಮಾಡ್ಯೂಲ್ ಲೋಡ್ ಆಗದಿದ್ದರೆ, ಸಹಿಯಿಲ್ಲದ ಮಾಡ್ಯೂಲನ್ನು ಫರ್ಮ್‌ವೇರಿನ ಸುರಕ್ಷತಾ ವ್ಯವಸ್ಥೆಯಾದ ಸೆಕ್ಯೂರ್ ಬೂಟ್ ತಡೆದಿರುವ ಸಾಧ್ಯತೆಯೇ ಹೆಚ್ಚು.

ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿ ಉಳಿಸುವ ಇಕೋ ವಿಧಾನ ಕಾರ್ಡನ್ನು ಪೂರ್ತಿ ಆರಿಸಿ ಪಟ್ಟಿಯಿಂದಲೇ ತೆಗೆದುಬಿಡುತ್ತದೆ. ತಯಾರಕರ ತಂತ್ರಾಂಶದಲ್ಲಿ ಅದನ್ನು ಬದಲಿಸಿದರೆ ಸಾಕು.

ಸೆಕೆಂಡ್ ಹ್ಯಾಂಡ್ ಕಾರ್ಡುಗಳ ಕತೆ ಬೇರೆ. 2022ರ ಸೆಪ್ಟೆಂಬರಿನಲ್ಲಿ ಇಥೀರಿಯಂ ಎಂಬ ಕ್ರಿಪ್ಟೊ ನಾಣ್ಯದ ಜಾಲ ತನ್ನ ವಿಧಾನ ಬದಲಿಸಿ, ಕಾರ್ಡುಗಳ ಲೆಕ್ಕಾಚಾರದಿಂದ ಆ ನಾಣ್ಯ ಗಳಿಸುವ ಮೈನಿಂಗ್ ನಿಂತ ಮೇಲೆ ಆ ಕೆಲಸಕ್ಕೆ ದುಡಿದ ಕಾರ್ಡುಗಳು ದೊಡ್ಡ ಸಂಖ್ಯೆಯಲ್ಲಿ ಮಾರುಕಟ್ಟೆಗೆ ಬಂದವು. ಮೈನಿಂಗ್‌ಗಾಗಿ ವಿಬಯೋಸ್ ತಿದ್ದಿದ ಆರ್‌ಎಕ್ಸ್ 580ರಂಥ ಕಾರ್ಡನ್ನು ಎಎಂಡಿಯ ಡ್ರೈವರ್ ಒಪ್ಪದೆ ಹೋಗಬಹುದು. ಅಂಚಿನಲ್ಲಿ ಎರಡು ಬಯೋಸ್‌ಗಳ ಸ್ವಿಚ್ ಇದ್ದರೆ, ಯಂತ್ರ ಆರಿಸಿ ಅದನ್ನು ಇನ್ನೊಂದು ಬದಿಗೆ ಸರಿಸಿ ನೋಡಿ. ಪಿ106-100 ಎಂಬ ಮೈನಿಂಗ್ ಕಾರ್ಡಿಗಂತೂ ಮಾನಿಟರ್ ಕಿಂಡಿಯೇ ಇಲ್ಲ. ಹಳೆಯ ಚಿಪ್ಪಿಗೆ ಹೊಸ ಹೆಸರು ಬರೆದು ಮಾರುವ ನಕಲಿಗಳೂ ಇದ್ದು, ಜಿಪಿಯು-ಝಡ್ ತಂತ್ರಾಂಶ ಅಂಥ ಎನ್‌ವಿಡಿಯಾ ಕಾರ್ಡುಗಳನ್ನು ಹಲವು ಬಾರಿ ನಕಲಿ ಎಂದೇ ತೋರಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಹಣ ಕೊಡುವ ಮುನ್ನ ಅಂಗಡಿಯ ಯಂತ್ರದಲ್ಲೇ ಇದನ್ನು ತೆರೆದು ತೋರಿಸಲು ಕೇಳಬೇಕು.

ಇಷ್ಟಾದರೂ ಫಲವಿಲ್ಲದಿದ್ದರೆ ಕಾರ್ಡನ್ನು ಸ್ನೇಹಿತರ ಕಂಪ್ಯೂಟರಿನಲ್ಲಿ ಹಾಕಿ ನೋಡಿ. ಅಲ್ಲಿಯೂ ಕಾಣದಿದ್ದರೆ ದೋಷ ಕಾರ್ಡಿನದೇ. ವಾರಂಟಿ ಉಳಿದಿದ್ದರೆ ಕೂಲರಿನ ಸ್ಕ್ರೂ ಬಿಚ್ಚದೆ, ಬಿಲ್ಲು ಮತ್ತು ಸೀರಿಯಲ್ ಸಂಖ್ಯೆಯ ಚಿತ್ರದೊಂದಿಗೆ ಸೇವಾಕೇಂದ್ರಕ್ಕೆ ಒಯ್ಯಿರಿ. ಓವನ್ನಿನಲ್ಲಿ ಕಾಯಿಸಿದರೆ ಕಾರ್ಡ್ ಬದುಕುತ್ತದೆಂಬ ಸಲಹೆ ಇಂದಿಗೂ ಹರಿದಾಡುತ್ತಿದೆ. ಹಾಗೆ ಎದ್ದ ಕಾರ್ಡುಗಳು ಹೆಚ್ಚು ದಿನ ಬಾಳುವುದು ವಿರಳ, ಮತ್ತು ಅಡುಗೆಯ ಓವನ್ನಿನೊಳಗೆ ಬೆಸುಗೆಯ ಹೊಗೆ ತುಂಬಿಕೊಳ್ಳುತ್ತದೆ.