ರಾತ್ರಿ ತೂಕ ಏರಿಸಿಕೊಂಡ ಉಪ್ಪು

ಒಂಬತ್ತನೇ ತರಗತಿಯ ಐದು ಗುಂಪಿನ ಜರ್ನಲ್ ತಿದ್ದಲು ಕೂತಿದ್ದೆ. ಅರ್ಧ ಲೀಟರ್ ಸಮುದ್ರದ ನೀರು ಆರಿಸಿ, ಉಳಿದ ಉಪ್ಪು ತೂಗುವ ಪ್ರಯೋಗ. ಐದೂ ಗುಂಪಿನವರು 17.5 ಗ್ರಾಂ ಎಂದು ಬರೆದಿದ್ದರು. ನಾನು ಕೊಟ್ಟಿದ್ದು ನಮ್ಮನೆ ಅಡುಗೆ ತಕ್ಕಡಿ. ಅದು ಒಂದು ಗ್ರಾಮಿಗಿಂತ ಕಡಿಮೆ ತೋರಿಸುವುದೇ ಇಲ್ಲ. ಹಾಗಾದರೆ ಈ ಅರ್ಧ ಗ್ರಾಂ ಎಲ್ಲಿಂದ ಬಂತು?

ಪುಸ್ತಕದಿಂದ. ಲೀಟರಿಗೆ ಸುಮಾರು 35 ಗ್ರಾಂ ಲವಣ ಎಂದು ಓದಿದ್ದಾರೆ, ಅರ್ಧ ಮಾಡಿದ್ದಾರೆ, ಮುಗೀತು. ಬೈಯಲು ಮನಸ್ಸು ಬರಲಿಲ್ಲ. ನಾನೂ ಓದುವಾಗ ಹಿಂದಿನ ವರ್ಷದವರ ಜರ್ನಲ್ ನೋಡಿಯೇ ಬರೆದವಳು. ಒಬ್ಬ ಹುಡುಗಿಯನ್ನು ಕರೆದು ಕೇಳಿದೆ. "ನಮ್ದು 20 ಬಂತು ಅಕ್ಕೋರೇ. ತಪ್ಪಾಯ್ತು ಅಂತ ಅಳಿಸಿಬಿಟ್ವಿ" ಎಂದಳು. ಹಾಳೆಯನ್ನು ಕಿಟಕಿಗೆ ಹಿಡಿದರೆ ಅಳಿಸಿದ 20 ಇನ್ನೂ ಕಾಣುತ್ತಿತ್ತು.

ಮತ್ತೆ ಮಾಡೋಣ ಎಂದೆ. ಈ ಸಲ ನಾನೂ ಒಂದು ನೋಟ್‌ಬುಕ್ ಹಿಡಿದು ಅವರ ಜತೆ ಬರೆಯುತ್ತಾ ಹೋದೆ. ಚೆಂದದ ಅಕ್ಷರ ಆಮೇಲೆ, ಕಂಡದ್ದು ಈಗಲೇ. ಅಳಿಸುವ ರಬ್ಬರ್ ಎಲ್ಲ ನನ್ನ ಮೇಜಿನ ಮೇಲೆ.

ನಮ್ಮ ಕಾರವಾರದ ಟಾಗೋರ್ ಬೀಚಿನಿಂದ ನೀರು ತಂದೆವು. ಪಂಚೆ ಬಟ್ಟೆ ನಾಲ್ಕು ಮಡಿಕೆ ಮಾಡಿ ಸೋಸಿದೆವು, ಇಲ್ಲದಿದ್ದರೆ ಮರಳೂ ಉಪ್ಪಿನ ಲೆಕ್ಕಕ್ಕೆ ಸೇರುತ್ತದೆ. ಖಾಲಿ ಸ್ಟೀಲ್ ಬಟ್ಟಲು 212 ಗ್ರಾಂ. ನೀರು ಮುಕ್ಕಾಲು ಆರಿದ ಮೇಲೆ ಉರಿ ಸಣ್ಣ ಮಾಡಲೇಬೇಕು. ನಮ್ಮ ಮೊದಲ ಬಟ್ಟಲಲ್ಲಿ ಉಪ್ಪು ಚಟಪಟ ಸಿಡಿದು ಮೇಜೆಲ್ಲ ಬೆಳ್ಳಗಾಯಿತು. ಅದನ್ನೂ ಬರೆಸಿದೆ, "ಸ್ವಲ್ಪ ಉಪ್ಪು ಸಿಡಿದು ಹೋಯಿತು, ಈ ತೂಕ ಬಿಟ್ಟಿದ್ದೇವೆ" ಎಂದು. 'ಕುದಿಸಲಾಯಿತು, ತೂಗಲಾಯಿತು' ಬೇಡ ಎಂದೆ. ಯಾರು ಕುದಿಸಿದ್ದು? ನಾವಲ್ವಾ? ಹಾಗಾದರೆ 'ಕುದಿಸಿದೆವು' ಅಂತಲೇ ಬರೆಯಿರಿ.

ಎರಡನೇ ಬಟ್ಟಲು ಸರಿಯಾಗಿ ಆರಿತು. 232. ಅಂದರೆ ಮತ್ತೆ 20 ಗ್ರಾಂ! ಗಂಟೆ ಬಾರಿಸಿತು, ಬಟ್ಟಲನ್ನು ಕಪಾಟಿನಲ್ಲಿಟ್ಟು ಹೋದೆವು. ಬೆಳಿಗ್ಗೆ ತೂಗಿದರೆ 234. ಯಾರೋ ಉಪ್ಪು ಸೇರಿಸಿದ್ದಾರೆ ಎಂದು ಹುಡುಗರಲ್ಲಿ ಜಗಳವೇ ಶುರುವಾಯಿತು. ಬೆರಳಲ್ಲಿ ಮುಟ್ಟಿ ನೋಡಿದೆ, ಅಂಟು ಅಂಟು. ಸಣ್ಣ ಉರಿಯಲ್ಲಿ ಮತ್ತೆ ಒಣಗಿಸಿದಾಗ 231ಕ್ಕೆ ಇಳಿಯಿತು.

ಕಾರಣ ಹೇಳಿದ್ದು ಆ ಹುಡುಗಿಯ ಅಜ್ಜ. ಅವರು ಸಾಣಿಕಟ್ಟಾದ ಉಪ್ಪಿನ ಆಗರದಲ್ಲಿ, ಅಂದರೆ ಸಮುದ್ರದ ನೀರು ಆರಿಸಿ ಉಪ್ಪು ತೆಗೆಯುವ ಗದ್ದೆಗಳಲ್ಲಿ, ದುಡಿದವರು. ಅಲ್ಲಿ ನೀರನ್ನು ಪೂರ್ತಿ ಆರಲು ಬಿಡುವುದಿಲ್ಲವಂತೆ. ಉಪ್ಪು ಕಟ್ಟಿದ ಕೂಡಲೇ ಎಳೆದು, ಉಳಿದ ಕಹಿ ನೀರು ಬಸಿದುಬಿಡುತ್ತಾರೆ. ಆ ಕಹಿ ನೀರಿನಲ್ಲಿ ಹೆಚ್ಚಾಗಿ ಇರುವುದು ಮ್ಯಾಗ್ನೀಸಿಯಂ ಲವಣಗಳು. ಅದರಲ್ಲಿ ಮ್ಯಾಗ್ನೀಸಿಯಂ ಕ್ಲೋರೈಡ್ ಗಾಳಿಯ ಪಸೆಯನ್ನು ಹೀರುತ್ತದೆ. ನಾವು ಏನನ್ನೂ ಬಸಿಯದೆ ಎಲ್ಲವನ್ನೂ ಬಟ್ಟಲಲ್ಲೇ ಆರಿಸಿದ್ದೆವು. ಸಮುದ್ರದ ಪಕ್ಕದ ಊರು, ಗಾಳಿಯಲ್ಲಿ ಪಸೆಗೇನು ಬರವೇ?

ವೀಕ್ಷಣೆಯ ಪಟ್ಟಿಯಲ್ಲಿ 20, 22, 19 ಮೂರನ್ನೂ ಬರೆಸಿದೆ, ಪಕ್ಕದಲ್ಲಿ ತೂಗಿದ ಹೊತ್ತಿನ ಸಮೇತ. ತೀರ್ಮಾನ ಆ ಹುಡುಗಿಯದು: "ಬಟ್ಟಲಲ್ಲಿ ಇದ್ದದ್ದು ಬರೀ ಅಡುಗೆ ಉಪ್ಪಲ್ಲ, ನೀರೂ ಸ್ವಲ್ಪ ಇದೆ." ನಾನು ಒಂದಕ್ಷರ ತಿದ್ದಲಿಲ್ಲ.

ಕಾಳಿ ಹೊಳೆಯ ಸೇತುವೆ ಕೆಳಗಿನಿಂದ ತಂದ ನೀರಿನ ಕಥೆ ಬೇರೆ. ಒಂದು ಗುಂಪಿಗೆ 18 ಗ್ರಾಂ, ಇನ್ನೊಂದಕ್ಕೆ 12. ಇಬ್ಬರೂ ಜಾಗದ ಹೆಸರು ಬರೆದಿದ್ದರು, ಹೊತ್ತು ಬರೆದಿರಲಿಲ್ಲ. ವಿಚಾರಿಸಿದರೆ ಒಬ್ಬರು ಭರತದ ಹೊತ್ತಿಗೆ ಹೋದವರು, ಇನ್ನೊಬ್ಬರು ಇಳಿತಕ್ಕೆ. ಭರತದಲ್ಲಿ ಸಮುದ್ರ ಹೊಳೆಯೊಳಗೆ ನುಗ್ಗುತ್ತದೆ, ಇಳಿತದಲ್ಲಿ ಹೊಳೆಯ ಸಿಹಿನೀರಿನದೇ ಜೋರು. ಮೀನುಗಾರರ ಮನೆಯ ಮಕ್ಕಳಿಗೆ ಇದನ್ನು ನಾನು ಹೇಳಿಕೊಡಬೇಕೇ? ಗೊತ್ತಿತ್ತು, ಆದರೆ ಜರ್ನಲ್‌ನಲ್ಲಿ ಬರೆಯುವ ವಿಷಯ ಅಂತ ಅನಿಸಿರಲಿಲ್ಲ.

ಜುಲೈಯಲ್ಲಿ ಅದೇ ಎರಡು ಜಾಗದ ನೀರು ಮತ್ತೆ ತೂಗಬೇಕು ಎಂದು ಹಠ ಹಿಡಿದಿದ್ದಾರೆ. ಕಾರವಾರದ ಜುಲೈ ಮಳೆಯಲ್ಲಿ ಉಪ್ಪನ್ನು ಒಣದಾಗಿ ಇಡುವುದು ಹೇಗೆ ಎಂಬ ಜಾಗ ಮಾತ್ರ 'ವಿಧಾನ'ದಲ್ಲಿ ಸದ್ಯಕ್ಕೆ ಖಾಲಿ ಇದೆ.